ಹರಳುಗಟ್ಟುವ ಮೊದಲು

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಬಹಳ ಇಷ್ಟಪಟ್ಟು ಮಾಡುವ ಪ್ರಯೋಗವೊಂದಿದೆ. ಬಿಸಿನೀರಿಗೆ ಪಟಿಕದ ಪುಡಿ ಹಾಕಿ ಕಲಕುತ್ತಾ ಹೋಗಬೇಕು. ಇನ್ನು ಕರಗದು ಎನ್ನುವ ಹಂತ ಬಂದಾಗ ಸೋಸಿ, ತಣಿಯಲು ಬಿಟ್ಟು, ದಾರಕ್ಕೆ ಕಟ್ಟಿದ ಒಂದು ಪುಟ್ಟ ಹರಳನ್ನು ಅದರೊಳಗೆ ಇಳಿಬಿಡಬೇಕು. ಲೋಟವನ್ನು ಅಲುಗಾಡಿಸದೆ ಇಟ್ಟರೆ ಕೆಲವು ದಿನಗಳಲ್ಲಿ ಆ ಹರಳು ಮೂಲೆಮೂಲೆಯೂ ತಿದ್ದಿದಂತೆ ದೊಡ್ಡದಾಗಿ ಬೆಳೆಯುತ್ತದೆ. ಅದೇ ಹರಳನ್ನು ಬರಿಯ ನೀರಿಗೆ ಇಳಿಬಿಟ್ಟರೆ? ಬೆಳೆಯುವ ಮಾತಿರಲಿ, ಇದ್ದದ್ದೂ ಕರಗಿ ದಾರವಷ್ಟೇ ಉಳಿಯುತ್ತದೆ.

ಸಾಹಿತಿಗಳಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ದೇವರು ಕೊಟ್ಟ ವರ ಎನ್ನುವವರಿದ್ದಾರೆ. ಹುಟ್ಟುಗುಣ ಎನ್ನುವವರೂ ಇದ್ದಾರೆ. ಎರಡೂ ಉತ್ತರಗಳಿಂದ, ಪ್ರಬಂಧ ಸ್ಪರ್ಧೆಯ ಹಿಂದಿನ ರಾತ್ರಿ ಖಾಲಿ ಹಾಳೆಯ ಮುಂದೆ ಕುಳಿತ ಹುಡುಗನಿಗೆ ಏನೂ ಪ್ರಯೋಜನವಿಲ್ಲ. “ಏನು ಬರೆಯಲಿ ಅಪ್ಪಾ?” ಎಂದು ಅವನು ಕೇಳುತ್ತಾನೆ. “ಗೈಡಿನಲ್ಲಿ ನೋಡಿ ಬರಿ” ಎಂದು ಅಪ್ಪ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಲೋಟದೊಳಗಿನ ಹರಳು ಬೇರೊಂದು ಉತ್ತರವನ್ನು ಹೇಳುತ್ತದೆ. ಅದನ್ನು ತಿಳಿಯಲು ಮೈಸೂರಿನ ಒಂದು ಮನೆಯ ಇಬ್ಬರು ಸಹೋದರರ ಕಥೆ ಸಾಕು.

ಅಣ್ಣ ಆರ್. ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ. ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರು. ಮುಖ್ಯೋಪಾಧ್ಯಾಯರ ಮಗನೇ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರೆ ಮನೆಯ ವಾತಾವರಣ ಹೇಗಿದ್ದೀತು ಎಂಬುದನ್ನು ಪಾಲಕರು ಊಹಿಸಿಕೊಳ್ಳಬಹುದು. ಹಾಗೆ ಸಿಕ್ಕಿದ ಬಿಡುವಿನ ಒಂದು ವರ್ಷವನ್ನು ನಾರಾಯಣ್ ಓದುವುದರಲ್ಲಿ, ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಅಲೆಯುವುದರಲ್ಲಿ ಕಳೆದರು. ತಂದೆ ಶಿಸ್ತಿನ ಮನುಷ್ಯರಾದರೂ ಶಾಲೆಯ ಗ್ರಂಥಾಲಯದ ಬಾಗಿಲನ್ನು ಮಕ್ಕಳಿಗೆ ಮುಚ್ಚಿರಲಿಲ್ಲ. ಅಂಕಪಟ್ಟಿಯ ಲೆಕ್ಕದಲ್ಲಿ ಅದು ವ್ಯರ್ಥವಾದ ವರ್ಷ. ಪಟಿಕ ಕರಗುತ್ತಿದ್ದದ್ದು ಆಗಲೇ.

1930ರಲ್ಲಿ ಬಿ.ಎ. ಮುಗಿಯಿತು. ಅದೇ ವರ್ಷ ಬೆಂಗಳೂರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಒಂದು ಶುಭದಿನ, ನಾರಾಯಣ್ ಹೊಸ ನೋಟ್‌ಬುಕ್ ತಂದು ಬರೆಯಲು ಕುಳಿತರು. ಒಂದು ಪುಟ್ಟ ರೈಲು ನಿಲ್ದಾಣ ಮನಸ್ಸಿಗೆ ಬಂತು; ಅದರ ಹೆಸರು ಮಾಲ್ಗುಡಿ. ಯಾವ ಭೂಪಟದಲ್ಲೂ ಇಲ್ಲದ ಆ ಊರು ಒಂದೇ ಗಳಿಗೆಯಲ್ಲಿ ಹುಟ್ಟಿತು ಎನ್ನಬಹುದೇ? ಹೆಸರು ಹುಟ್ಟಿದ್ದು ಆ ಗಳಿಗೆಯಲ್ಲಿ ನಿಜ. ಆದರೆ ಊರಿಗೆ ಬೇಕಾದ ಶಾಲೆ, ಮೇಷ್ಟ್ರು, ಅಜ್ಜಿ, ಕ್ರಿಕೆಟ್ಟಿನ ಹುಚ್ಚಿನ ಹುಡುಗರು ಎಲ್ಲರೂ ಅದಾಗಲೇ ಅವರೊಳಗೆ ಬಂದು ನೆಲೆಸಿದ್ದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಹಸ್ತಪ್ರತಿ ಪ್ರಕಾಶಕರಿಂದ ಮತ್ತೆ ಮತ್ತೆ ಹಿಂದಕ್ಕೆ ಬಂತು. ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯರೊಬ್ಬರು ಅದನ್ನು ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ತೋರಿಸಿದ ಮೇಲೆ, 1935ರಲ್ಲಿ ಪುಸ್ತಕ ಅಚ್ಚಾಯಿತು.

ಆ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ನಾರಾಯಣ್ ಮದರಾಸಿನ ಪತ್ರಿಕೆಯೊಂದಕ್ಕೆ ಮೈಸೂರಿನ ಸುದ್ದಿ ಕಳಿಸುತ್ತಿದ್ದರು. ಮಾರುಕಟ್ಟೆ, ಕೋರ್ಟು, ಪೊಲೀಸ್ ಠಾಣೆ, ಪುರಸಭೆ ಎಂದು ದಿನವೂ ಸುತ್ತಬೇಕಾಗಿತ್ತು. ಕೈಗೆ ಬಂದ ಹಣ ಅಲ್ಪ. ಕಣ್ಣಿಗೆ ಬಿದ್ದ ಜನ ಅಸಂಖ್ಯ. ಬರೆದದ್ದು ಇಂಗ್ಲಿಷಿನಲ್ಲಾದರೂ ನೋಡಿದ್ದು ಮೈಸೂರಿನ ಬೀದಿಗಳನ್ನು. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ ಆ ಕಥೆಗಳು ಮಲೆನಾಡಿನ ಬೀದಿಗೂ ಸಲೀಸಾಗಿ ಹೊಂದಿಕೊಂಡವು.

ಎಲ್ಲ ಸ್ಫೂರ್ತಿಯೂ ಸುಖದಿಂದ ಬರುವುದಿಲ್ಲ. 1939ರಲ್ಲಿ ನಾರಾಯಣ್ ಅವರ ಪತ್ನಿ ರಾಜಂ ವಿಷಮಶೀತ ಜ್ವರದಿಂದ ತೀರಿಕೊಂಡರು. ಮನೆಯಲ್ಲಿ ಪುಟ್ಟ ಮಗಳು. ಆ ದುಃಖ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಾಗಿ ಹೊರಬಂದದ್ದು 1945ರಲ್ಲಿ. ನಡುವೆ ಆರು ವರ್ಷಗಳು. ದ್ರಾವಣ ಕುದಿಯುತ್ತಿರುವಾಗ ಹರಳು ಕಟ್ಟುವುದಿಲ್ಲ, ತಣಿಯಬೇಕು.

ಮುಂದೆ ಒಮ್ಮೆ ಮೈಸೂರಿಗೆ ಭೀಕರ ಬರ ಬಂತು. ಕೃಷ್ಣರಾಜಸಾಗರದ ತಳ ಕಾಣಿಸಿತು. ಮಳೆಗಾಗಿ ಪ್ರಾರ್ಥನೆ ಏರ್ಪಟ್ಟಿತು. ಬತ್ತಿದ ಕಾವೇರಿಯ ಪಾತ್ರದಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಬ್ರಾಹ್ಮಣರು ಉಪವಾಸವಿದ್ದು 11 ದಿನ ಮಂತ್ರ ಹೇಳಿದರು. 12ನೆಯ ದಿನ ಮಳೆಯಾಯಿತು ಎಂದು ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದನ್ನು ಕೇಳಿದ ವಿಜ್ಞಾನದ ವಿದ್ಯಾರ್ಥಿ ಮೋಡದ ಬಗ್ಗೆ, ಗಾಳಿಯ ಬಗ್ಗೆ ಪ್ರಶ್ನೆ ಕೇಳಬೇಕು; ಅದು ಸರಿಯಾದ ಪ್ರಶ್ನೆಯೇ. ಕಾದಂಬರಿಕಾರ ಕೇಳಿದ ಪ್ರಶ್ನೆ ಬೇರೆ: ಹಾಗೆ ನೀರಿನಲ್ಲಿ ನಿಂತವನು ನಂಬಿಕೆಯೇ ಇಲ್ಲದ ಮನುಷ್ಯನಾಗಿದ್ದರೆ? ಊರಿನವರ ನಂಬಿಕೆ ಅವನನ್ನು ಏನು ಮಾಡೀತು? ಈ ಪ್ರಶ್ನೆಯನ್ನು ಹೊತ್ತು ಅಮೆರಿಕಕ್ಕೆ ಹೋದ ನಾರಾಯಣ್, ಬರ್ಕ್‌ಲಿಯ ಹೋಟೆಲ್ ಕೋಣೆಯೊಂದರಲ್ಲಿ ಕುಳಿತು ‘ದಿ ಗೈಡ್’ ಬರೆದರು. 1958ರಲ್ಲಿ ಅದು ಪ್ರಕಟವಾಯಿತು. 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಬರವನ್ನು ಮೈಸೂರಿನವರೆಲ್ಲರೂ ಕಂಡಿದ್ದರು. ಹರಳು ಎಲ್ಲರ ಮನಸ್ಸಿಗೂ ಬಿದ್ದಿತ್ತು. ಬೆಳೆದದ್ದು ತುಂಬಿಕೊಂಡಿದ್ದ ಮನಸ್ಸಿನಲ್ಲಿ.

ತಮ್ಮ ಆರ್. ಕೆ. ಲಕ್ಷ್ಮಣ್ ಅವರದು ಇನ್ನೂ ಸರಳವಾದ ಉದಾಹರಣೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಈ ಹುಡುಗ ಕೋಣೆಯ ಕಿಟಕಿಯಾಚೆ ಕಂಡದ್ದನ್ನೆಲ್ಲ ಬರೆಯುತ್ತಿದ್ದ: ಒಣಗಿದ ಕಡ್ಡಿ, ಎಲೆ, ಹರಿದಾಡುವ ಹಲ್ಲಿಯಂಥ ಜೀವಿಗಳು, ಸೌದೆ ಸೀಳುವ ಆಳು, ಎಲ್ಲಕ್ಕಿಂತ ಹೆಚ್ಚಾಗಿ ಕಾಗೆ. ಶಾಲೆಯಲ್ಲಿ ಅವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿಕೊಂಡರು. ಒಂದು ಅರಳಿ ಎಲೆ, ಒಂದು ಮೆಚ್ಚುಗೆಯ ಮಾತು; ಲಕ್ಷ್ಮಣ್ ಅದನ್ನು ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ಮುಂಬಯಿಯ ಕಲಾಶಾಲೆಯೊಂದು ಪ್ರವೇಶ ನಿರಾಕರಿಸಿದರೂ ಅವರು ಕಿಟಕಿಯಾಚೆ ನೋಡುವುದನ್ನು ಬಿಡಲಿಲ್ಲ. ಅಣ್ಣನ ಮಾಲ್ಗುಡಿಗೆ ಚಿತ್ರ ಬರೆದದ್ದು ಅದೇ ಕೈ. ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ಕೊಟ್ಟದ್ದೂ ಅದೇ ಕೈ. ಎಲ್ಲರೂ ಅಟ್ಟುವ ಕಾಗೆಯನ್ನು ಅವರು ಜೀವಮಾನವಿಡೀ ನೋಡಿದರು.

ಈ ಸಹೋದರರ ಪ್ರತಿಭೆ ಎಲ್ಲರಿಗೂ ಬಾರದು, ನಿಜ. ಆದರೆ ಅವರ ಕಿಟಕಿ ಎಲ್ಲರ ಮನೆಯಲ್ಲೂ ಇದೆ. ಇಂದಿನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಕೇಳಿದ ವಿಷಯದ ಮೇಲೆ ಕ್ಷಣಮಾತ್ರದಲ್ಲಿ ಪ್ರಬಂಧ ಸಿಕ್ಕಿಬಿಡುತ್ತದೆ. ಬೇರೆಯವರ ಲೋಟದಲ್ಲಿ ಬೆಳೆದ ಹರಳನ್ನು ತಂದು ತೋರಿಸಿದರೆ ಅಂಕ ಬರಬಹುದು. ಮಗುವಿನ ಲೋಟದಲ್ಲಿ ಮಾತ್ರ ಬರಿಯ ನೀರೇ ಉಳಿಯುತ್ತದೆ.

ಆದ್ದರಿಂದ ಪಾಲಕರು ಮಾಡಬಹುದಾದದ್ದು ಇಷ್ಟೆ. “ಏನು ಬರೆಯಲಿ?” ಎಂದು ಮಗು ಕೇಳಿದಾಗ ಗೈಡಿನ ಕಡೆಗೆ ಕೈ ತೋರಿಸುವ ಬದಲು, “ಈ ದಿನ ಬಸ್ಸಿನಲ್ಲಿ ಯಾರನ್ನು ನೋಡಿದೆ? ಅವರು ಏನು ಮಾತಾಡಿಕೊಂಡರು?” ಎಂದು ಕೇಳಬೇಕು. ಮೊದಲ ದಿನ ಮಗು “ಯಾರೂ ಇರಲಿಲ್ಲ” ಎಂದೀತು. ನಾಲ್ಕನೆಯ ದಿನ, ಹೂವಿನ ಬುಟ್ಟಿಗೂ ಟಿಕೆಟ್ ತೆಗೆದುಕೋ ಎಂದ ಕಂಡಕ್ಟರನ ಜೊತೆ ಜಗಳಕ್ಕೆ ನಿಂತ ಅಜ್ಜಿಯೊಬ್ಬಳು ಅದರ ಮಾತಿನಲ್ಲಿ ಬಂದಾಳು. ಆಗ ಯಾರೂ ಅವಸರಪಡಿಸಬಾರದು. ಲೋಟವನ್ನು ಅಲುಗಾಡಿಸಬಾರದು.