ಹತ್ತು ಗಂಟೆಯೊಳಗೆ ಒಂದು ಹಾಡು

ಗಣೇಶನನ್ನು ಕೂರಿಸಿದ ದಿನದಿಂದ ರಾಜ್ಯೋತ್ಸವದ ಬಾವುಟ ಇಳಿಯುವವರೆಗೂ ನಮ್ಮ ಕಡೆ ರಸಮಂಜರಿ ಕಾಲ. ರಾಮನಗರವೋ ಮಾಗಡಿಯೋ, ಬೀದಿಗೆ ಅಡ್ಡಲಾಗಿ ಶಾಮಿಯಾನ ಬೀಳುತ್ತದೆ. ಕೈಗೆ ಕಡಗ ಹಾಕಿಕೊಂಡ ಜೂನಿಯರ್ ವಿಷ್ಣುವರ್ಧನ್ ಒಬ್ಬರು ಬರುತ್ತಾರೆ. ಗಿಟಾರ್ ಹುಡುಗ ಸ್ಪೀಕರ್ ಪಕ್ಕ ಮೂಲೆಯಲ್ಲಿರುತ್ತಾನೆ. ಅವನು ತಾನೇ ಕಟ್ಟಿದ ಹಾಡೂ ಒಂದೆರಡು ಇರುತ್ತವೆ, ಪಾಪ. ಆದರೆ ಮುಂದಿನ ಸಾಲಿನಿಂದ ಬರುವ ಚೀಟಿಯಲ್ಲಿ ಇರುವುದು ಒಂದೇ: ‘ಅಣ್ಣಾವ್ರದ್ದು ಹಾಡಿ.’

ಸಣ್ಣ ಊರಿನ ರಾಕ್ ಬ್ಯಾಂಡು ಮೇಲೆ ಬಂದ ಕಥೆ ಬೇಕೆಂದರೆ ನಾವು ಮೈಸೂರಿನ ಕಡೆ ನೋಡಬೇಕು. ಮೈಸೂರು ಸಣ್ಣ ಊರೇ ಎಂದು ಅಲ್ಲಿಯವರು ಜಗಳಕ್ಕೆ ಬಂದಾರು, ಬರಲಿ. ಅಲ್ಲಿ ಬೆಳೆದ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು. ಕಾಲೇಜಿನಲ್ಲಿ ಗೆಳೆಯನೊಬ್ಬ ನಾಟ್ಯವನ್ನು ಆಡಿಕೊಂಡನೆಂದು ಪಂತಕ್ಕೆ ಬಿದ್ದು ಗಿಟಾರ್ ಹಿಡಿದರಂತೆ. ಮೊದಲ ಆಲ್ಬಂ ಬಂದದ್ದು 2008ರಲ್ಲಿ. 2011ರ ಹೊತ್ತಿಗೆ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿ ಬಂದಿದ್ದರು. ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ತಂಡದವರು; ಆ ತಂಡದ ಮೊದಲ ಆಲ್ಬಂ 2009ರದು. ಒಂದೇ ಮನೆಯಲ್ಲಿ ಎರಡು ಬ್ಯಾಂಡು! ಅಕ್ಕಪಕ್ಕದವರ ಸಹನೆಗೂ ಒಂದು ಪದಕ ಕೊಡಬಹುದಿತ್ತು.

ರಘು ಅವರ ಜಾಣತನ ಇನ್ನೊಂದಿದೆ. ಡ್ರಮ್ಸು, ಬೇಸ್ ಗಿಟಾರು ಇಟ್ಟುಕೊಂಡು ಹಾಡಿದ್ದು 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರನ್ನು. ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳಿಂದ ಆ ಪದಗಳು ಆಗಲೇ ಮನೆಮನೆ ಹೊಕ್ಕಿದ್ದವು. ಚೀಟಿ ಕಳಿಸುವವನಿಗೆ ತಾನು ಕೇಳಿದ್ದೇ ಸಿಕ್ಕಿತೆಂಬ ಸಮಾಧಾನ, ಹಾಡುವವನಿಗೆ ತನ್ನದನ್ನು ಹಾಡಿದೆನೆಂಬ ತೃಪ್ತಿ.

ಹಾಗಾದರೆ ನಮ್ಮ ಕೊರತೆ ಏನು? ತಾಳವಂತೂ ಅಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕ ನಮ್ಮ ರಸ್ತೆ ಬದಿಯಲ್ಲೇ ಇದೆ. ಪೂಜಾ ಕುಣಿತಕ್ಕೆ ತಮಟೆ ಬಡಿಯುವವರು ಹಬ್ಬದಲ್ಲಿ ಇಳಿದರೆ ಯಾವ ಡ್ರಮ್ಮರೂ ಕೈಕಟ್ಟಿ ನಿಲ್ಲಬೇಕು. ಚನ್ನಪಟ್ಟಣದವರು ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ತೊಟ್ಟಿಲ ಕೂಸಿಗೇ ಗಿಲಕಿ ಕೊಟ್ಟು ತಾಳ ಹಿಡಿಸುತ್ತಾರೆ. ಬಂಡೆಗೆ ಬರವೇ? ರಾಮದೇವರ ಬೆಟ್ಟದ ಬಂಡೆಗಳ ನಡುವೆ ‘ಶೋಲೆ’ ತೆಗೆದು 1975ರಲ್ಲಿ ದೇಶಕ್ಕೆಲ್ಲ ತೋರಿಸಿದರು. ಸಂಗೀತ ಮಾತ್ರ ಆರ್.ಡಿ. ಬರ್ಮನ್ನರದು.

ನನ್ನನ್ನು ಕೇಳಿದರೆ ನಮ್ಮನ್ನು ಕೆಡಿಸಿದ್ದು ದೂರದ ಅಭಾವ. ಮೈಸೂರು ಬೆಂಗಳೂರಿಗೆ ನೂರನಲವತ್ತು ಕಿಲೋಮೀಟರು. ಪ್ರಾಕ್ಟೀಸಿಗೆಂದು ದಿನಾ ಹೋಗಿಬರಲಾಗದು. ಡ್ರಮ್ಮಿನವನನ್ನು, ಬೇಸಿನವನನ್ನು, ಬೈದುಕೊಂಡಾದರೂ ಕೇಳುವ ನಾಲ್ಕು ಜನರನ್ನು ಊರಲ್ಲೇ ಹುಡುಕಿಕೊಳ್ಳಬೇಕು. ರಾಮನಗರಕ್ಕೆ ಐವತ್ತೇ ಕಿಲೋಮೀಟರು. ಹುಡುಗನಿಗೆ ಮೂರು ಕಾರ್ಡ್ಸ್ ಬಂದ ಕೂಡಲೇ ಪ್ಯಾಸೆಂಜರ್ ರೈಲು ಹತ್ತುತ್ತಾನೆ. ಕನಕಪುರ, ಮಾಗಡಿಗಳಿಗೆ ರೈಲಿಲ್ಲವೆಂದು ಆಸೆ ಇಟ್ಟುಕೊಳ್ಳಬೇಡಿ, ಬಸ್ಸಿದೆ. ಅಲ್ಲಿ ಹೋಗಿ ಬೆಂಗಳೂರಿನ ಬ್ಯಾಂಡಿನವನಾಗುತ್ತಾನೆ. ಪೋಸ್ಟರಿನಲ್ಲಿ ನಮ್ಮೂರ ಹೆಸರೇ ಇರುವುದಿಲ್ಲ. ತಪ್ಪು ಅವನದೂ ಅಲ್ಲ. 2025ರಲ್ಲಿ ಸರ್ಕಾರವೇ ನಮ್ಮ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಒಮ್ಮೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರಕ್ಕೆ ಇದೂ ಸಹಿಸಿಕೊಳ್ಳುವಂಥದ್ದೇ ಅನ್ನಿ.

ಮೊದಲಾದರೆ ಮೈಸೂರಿನಿಂದ ಬೆಂಗಳೂರಿಗೆ ಹೊರಟ ತಂಡದ ವ್ಯಾನು ಮದ್ದೂರಲ್ಲಿ ವಡೆಗೋ, ಬಿಡದಿಯಲ್ಲಿ ತಟ್ಟೆ ಇಡ್ಲಿಗೋ ನಿಂತೀತು, ನಮ್ಮ ಹುಡುಗರು ಹೋಗಿ ಮಾತಾಡಿಸಿಯಾರು ಎಂದಾದರೂ ಇತ್ತು. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರುಗಳನ್ನೆಲ್ಲ ಬಳಸಿಕೊಂಡು ಹೋಗುತ್ತದೆ. ವ್ಯಾನಿನ ಕಿಟಕಿಗೆ ಈಗ ನಾವು ಬರೀ ಹಸಿರು ಬೋರ್ಡು.

ಇಷ್ಟೆಲ್ಲ ಹೇಳಿದ್ದನ್ನು ಬೀದಿಯ ಗಣಪತಿ ಸಮಿತಿಯವರು ಕೇಳಿಸಿಕೊಂಡು, ‘ಆಯ್ತು ಸಾರ್, ಈ ಸಲ ಹುಡುಗನ ಸ್ವಂತ ಹಾಡು ಒಂದು ಇಟ್ಟೇಬಿಡೋಣ’ ಎಂದಿದ್ದಾರೆ. ಸಮಯ ಒಂಬತ್ತೂ ಐವತ್ತೈದು. ಹತ್ತಕ್ಕೆ ಮೈಕ್ ಆರಿಸಬೇಕು. ಪೇದೆಯವರನ್ನು ಐದು ನಿಮಿಷ ಮಾತಿನಲ್ಲಿ ಹಿಡಿದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.