ಹಳೆಯ ಚಹಾದ ವಯಸ್ಸು

ಚಹಾಪುಡಿ ಹಳತಾದರೆ ರುಚಿ ಕೆಡುತ್ತದೆ. ಆದರೆ ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್ ಚಹಾದ ಲೆಕ್ಕವೇ ಬೇರೆ. ವಯಸ್ಸಾದಷ್ಟೂ ಅದಕ್ಕೆ ಬೆಲೆ ಹೆಚ್ಚು. ದೊಡ್ಡೆಲೆಗಳನ್ನು ಬಾಣಲೆಯಲ್ಲಿ ಬಾಡಿಸಿ, ಬಿಸಿಲಲ್ಲಿ ಒಣಗಿಸಿ, ಹಬೆಗೆ ಹಿಡಿದು ಬಿಲ್ಲೆಯಾಗಿ ಒತ್ತುತ್ತಾರೆ. ರೂಢಿಯ ತೂಕ 357 ಗ್ರಾಂ. ಗಾಳಿ, ತೇವ, ಸೂಕ್ಷ್ಮಜೀವಿಗಳು ವರ್ಷಗಟ್ಟಲೆ ಕೆಲಸ ಮಾಡಿ ಅದರ ಒಗರನ್ನು ತಗ್ಗಿಸುತ್ತವೆ. ಒದ್ದೆ ಎಲೆಗಳನ್ನು ರಾಶಿ ಹಾಕಿ ಈ ಮಾಗುವಿಕೆಯನ್ನು ಒಂದೆರಡು ತಿಂಗಳಿಗಿಳಿಸುವ ವಿಧಾನ 1973ರಲ್ಲಿ ಕುನ್ಮಿಂಗ್‌ನಲ್ಲಿ ರೂಪುಗೊಂಡಿತು.

ಈಗ ಪರದೇಶದ ಗಿರಾಕಿ ಅಂತರ್ಜಾಲದಲ್ಲಿ ಚಿತ್ರ ನೋಡಿ ಹಣ ಕಳಿಸುತ್ತಾನೆ. ತೊಡಕು ಇರುವುದೇ ಅಲ್ಲಿ. ಹೊದಿಕೆಯ ಮೇಲೆ ಯಾವ ಇಸವಿಯನ್ನಾದರೂ ಅಚ್ಚು ಹಾಕಬಹುದು. ತೇವದ ಕೋಣೆಯಲ್ಲಿಟ್ಟ ಎಳೆಯ ಚಹಾ ಬೇಗ ಕಪ್ಪಾಗಿ ಮುದಿಯಂತೆ ಕಾಣುತ್ತದೆ. ವಾಸನೆಯಂತೂ ಚಿತ್ರದಲ್ಲಿ ಬರುವುದಿಲ್ಲ. 2007ರಲ್ಲಿ ಬೆಲೆ ಗಗನಕ್ಕೇರಿ ಕುಸಿದಾಗ, ಲಾಭದಾಸೆಯಿಂದ ಬಿಲ್ಲೆ ಕೂಡಿಟ್ಟವರು ಕೈ ಸುಟ್ಟುಕೊಂಡರು.

ಅನುಭವಸ್ಥರು ಅವಸರಪಡುವುದಿಲ್ಲ. ಮೊದಲು ಹತ್ತಿಪ್ಪತ್ತು ಗ್ರಾಂ ಮಾದರಿ ತರಿಸುತ್ತಾರೆ. ಯಾವ ಊರಿನಲ್ಲಿ, ಎಷ್ಟು ತೇವದಲ್ಲಿ ಇಟ್ಟದ್ದೆಂದು ಕೇಳುತ್ತಾರೆ. ಬಿಸಿನೀರಿನಲ್ಲಿ ನೆನೆಸಿ, ಮೂಸಿ, ಬಲ್ಲ ಚಹಾದೊಡನೆ ಹೋಲಿಸಿದ ಮೇಲೆಯೇ ಬಿಲ್ಲೆಯ ಮಾತು.

ಪ್ರಯೋಗಶಾಲೆಯ ಪಾಠವೂ ಇದೇ ಅಲ್ಲವೆ, ಮಕ್ಕಳೆ? ಹೊದಿಕೆಯ ಮೇಲಿನ ಇಸವಿ ಬರೀ ಹೇಳಿಕೆ. ಪರೀಕ್ಷೆಗೆ ನಿಂತದ್ದು ಮಾತ್ರ ಸಾಕ್ಷ್ಯ.