ಮದುವೆಗೆ ಮುಂಚೆ ಬರೆದ ಹೆಸರು

ಊರಿನಿಂದ ಟ್ರಂಕು ಹಿಡಿದು ಮುಂಬಯಿಗೆ ಬಂದವರು ನಾವು. ನೌಕರಿಯ ಮೊದಲ ದಿನ ಕಚೇರಿಯವರು ಮುಂದಿಟ್ಟ ಕಾಗದಗಳಿಗೆಲ್ಲ ಸಹಿ ಹಾಕಿದೆವು. ‘ನಾಮಿನಿ’ ಎಂಬಲ್ಲಿ ಯಾರ ಹೆಸರು ಬರೆಯುವುದು? ಆಗ ಮದುವೆಯಾಗಿರಲಿಲ್ಲ. ಹೆತ್ತ ತಂದೆಯದೋ, ಓದಿಸಿದ ಅಣ್ಣನದೋ ಹೆಸರು ಬರೆದು ಮರೆತುಬಿಟ್ಟೆವು.

ಅದು ನೆನಪಾದದ್ದು 2022ರಲ್ಲಿ, ಡೊಂಬಿವಲಿಯ ನೆರೆಮನೆಯ ಗೆಳೆಯರು ನಲವತ್ತೆರಡಕ್ಕೇ ತೀರಿಕೊಂಡಾಗ. ಹದಿಮೂರು ದಿನ ಕಳೆದ ಮೇಲೆ ಅವರ ಮನೆಯಾಕೆಯೊಡನೆ ಕಂಪನಿಗೆ ಹೋದೆವು. ಪ್ರಾವಿಡೆಂಟ್ ಫಂಡಿಗೂ ಕಂಪನಿ ಮಾಡಿಸಿದ್ದ ಗುಂಪು ವಿಮೆಗೂ ಧಾರವಾಡದ ಅಣ್ಣನದೇ ಹೆಸರು. ಹದಿನಾಲ್ಕು ವರ್ಷ ಸಂಸಾರ ಮಾಡಿದಾಕೆಯ ಹೆಸರು ಎಲ್ಲಿಯೂ ಇಲ್ಲ. “ಅವರ ಲೆಕ್ಕದಾಗ ನಾ ಇರಲೇ ಇಲ್ಲೇನ್ರಿ?” ಎಂದು ಆಕೆ ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ.

ತಿಳಿದವರನ್ನು ವಿಚಾರಿಸಿದೆವು. ನಮ್ಮಂಥವರ ಮರೆವನ್ನು ಕಾನೂನು ಮೊದಲೇ ಬಲ್ಲದು. 1952ರ ಪ್ರಾವಿಡೆಂಟ್ ಫಂಡ್ ಯೋಜನೆಯ ಪ್ರಕಾರ ಕುಟುಂಬವಿರುವವನು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಅಣ್ಣ ತಮ್ಮಂದಿರು ಆ ಲೆಕ್ಕಕ್ಕೆ ಬರುವುದಿಲ್ಲ. ಕುಟುಂಬವಿಲ್ಲದಾಗ ಬರೆದ ಹೆಸರು ಮದುವೆಯಾದೊಡನೆ ಅಸಿಂಧು. ಫಂಡಿನ ಜೊತೆಗೇ ಇರುವ, 1976ರಲ್ಲಿ ಬಂದ ವಿಮಾ ಯೋಜನೆಯ ಹಣವೂ ಇದೇ ದಾರಿ ಹಿಡಿಯುತ್ತದೆ. ಅದಕ್ಕೆ ನೌಕರನ ಸಂಬಳದಿಂದ ಬಿಡಿಗಾಸೂ ಕತ್ತರಿಸುವುದಿಲ್ಲ. 2021ರಿಂದ ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ.

ಗುಂಪು ವಿಮೆಯ ಹಣವೇನೋ ಅಣ್ಣನ ಕೈಗೇ ಬಂತು. ಆದರೆ ಜೀವವಿಮೆಯ ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆಯರು ವಾರಸುದಾರರೇ ಎಂದು ಸುಪ್ರೀಂ ಕೋರ್ಟು 1983ರಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಹೇಳಿದೆ. 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ. ಅಣ್ಣನಿಗೆ ಆ ಹಕ್ಕಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಕ್ಕಳು, ತಾಯಿ ಸಮಪಾಲಿನವರು.

ಇದನ್ನೆಲ್ಲ ಹೇಗೆ ಹೇಳುವುದೆಂದು ನಾವು ಚಿಂತಿಸುತ್ತಿರುವಾಗಲೇ ಅಣ್ಣ ರೈಲು ಹತ್ತಿ ಬಂದರು. “ನೋಡವಾ, ಅವ ನನ್ನ ಹೆಸರು ಬರದಾಗ ನೀ ಇನ್ನೂ ಬಂದಿರಲಿಲ್ಲ. ರೊಕ್ಕ ನನ್ನ ಕೈಯಾಗ ಬಂದದ, ನಂದಲ್ಲ. ಅವ್ವಗೊಂದು ಪಾಲು, ನಿನಗೊಂದು, ಕೂಸಿಗೊಂದು” ಎಂದರು. ನಮಗೆ ತೋಚದೆ ಹೋದ ಉತ್ತರವನ್ನು ಅವರು ಕೊಟ್ಟಿದ್ದರು. ಆಕೆ ಅಂದು ಮೊದಲ ಬಾರಿ ಬಾಯಿಬಿಟ್ಟು ಅತ್ತಳು.

ಎಲ್ಲ ಮನೆಗಳಲ್ಲಿಯೂ ಇಂಥ ಅಣ್ಣ ಇರುವುದಿಲ್ಲ. ಇಲ್ಲದ ಕಡೆ ಹೆಂಡತಿಯ ಹಕ್ಕು ಕೋರ್ಟಿನ ಮೆಟ್ಟಿಲು ಹತ್ತಿ, ವರ್ಷಗಳನ್ನು ನುಂಗೀತು.

ಆ ರಾತ್ರಿ ನಾವೂ ನಮ್ಮ ಬೀರುವಿನಲ್ಲಿದ್ದ ಕಾಗದಗಳನ್ನು ತೆಗೆದು ನೋಡಿದೆವು. ನಾಮಿನಿ: ತಂದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು! ಫಂಡಿನ ಹೆಸರನ್ನು ಆಧಾರ್ ಮೂಲಕ ಮನೆಯಲ್ಲೇ ಕುಳಿತು ಬದಲಿಸಿದೆವು. ವಿಮೆಯದಕ್ಕೆ ಕಂಪನಿಗೆ ಬೇರೆಯೇ ಅರ್ಜಿ ಕೊಟ್ಟೆವು. ಓದುಗರೇ, ನಿಮ್ಮ ಕಾಗದಗಳಲ್ಲಿ ಯಾರ ಹೆಸರಿದೆ? ಊಟವಾದ ಮೇಲೆ, ಇಬ್ಬರೂ ಕೂಡಿಯೇ ನೋಡಿರಿ.